ಮನೋವಿಜ್ಞಾನ ಕಲಿಯಬೇಕಾ? ಒಂದು ನೋಟ್‌ಬುಕ್, ಎರಡು ಸ್ಕೇಲು, ಇಬ್ಬರು ಗೆಳೆಯರು ಸಾಕು

ಮನೋವಿಜ್ಞಾನ ಅಂದ ಕೂಡಲೇ "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳಿ ನೋಡೋಣ" ಅನ್ನುವವರೇ ಜಾಸ್ತಿ. ಅದು ಈ ವಿಷಯ ಓದಿದವರಿಗೂ ಗೊತ್ತಾಗುವುದಿಲ್ಲ. ಅವರು ಕಲಿಯುವುದು ಬೇರೆ. ಮನಸ್ಸಿನ ಬಗ್ಗೆ ಯಾರು ಏನೇ ಹೇಳಿದರೂ "ಅದು ಹೇಗೆ ಗೊತ್ತಾಯ್ತು?" ಎಂದು ಕೇಳುವುದನ್ನು ಕಲಿಯುತ್ತಾರೆ. ಆಮೇಲೆ ಅಳೆದು ನೋಡುವುದನ್ನು.

ಈ ಶಾಸ್ತ್ರ ಬೆಳೆದದ್ದೂ ಅಳತೆಯಿಂದಲೇ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದರು. ಸದ್ದು ಕೇಳಿದ ಮೇಲೆ ಕೈ ಅಲುಗಲು ಎಷ್ಟು ಹೊತ್ತು ಬೇಕು ಎನ್ನುವಂಥ ಪ್ರಶ್ನೆಗಳು ಅಲ್ಲಿ ಮುಖ್ಯ ಕೆಲಸವಾಗಿದ್ದವು. ನಮ್ಮಲ್ಲಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ರೇಡಿಯೊ ಕೇಂದ್ರ ಶುರು ಮಾಡಿದವರೂ ಇವರೇ. ಉಪಕರಣ ಕಂಡರೆ ಸುಮ್ನೆ ಕೂರುವ ಮೇಷ್ಟ್ರಲ್ಲ!

ಪಿಯುಸಿಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡವರಿಗೆ, ಬಿಎ ಮೊದಲ ವರ್ಷದವರಿಗೆ, ಸುಮ್ನೆ ಕುತೂಹಲ ಇರುವವರಿಗೆ ಈ ಮಾರ್ಗದರ್ಶಿ. ಪುಸ್ತಕದ ಮೊದಲ ಪಾಠದಿಂದ ಹೊರಡುವುದಿಲ್ಲ. ಕೈಯಿಂದ ಹೊರಡುತ್ತೇವೆ.

ಹಂತ 1: ಸಾಮಾನು ಜೋಡಿಸಿ, ಒಂದು ನಿಯಮ ಹಾಕಿಕೊಳ್ಳಿ

ಬೇಕಾದದ್ದು ಇಷ್ಟು: ನೋಟ್‌ಬುಕ್, 30 ಸೆಂ.ಮೀ. ಸ್ಕೇಲು ಎರಡು, ನಾಲ್ಕು ಬಣ್ಣದ ಸ್ಕೆಚ್ ಪೆನ್, ಒಂದು ಜೆಮ್ ಕ್ಲಿಪ್, ಚಿಕ್ಕ ಕನ್ನಡಿ, ಎರಡು ಒಂದೇ ಥರದ ನೀರಿನ ಬಾಟಲಿ, ಮೊಬೈಲಿನ ಸ್ಟಾಪ್‌ವಾಚ್.

ನಿಯಮ ಇದು. ಪ್ರಯೋಗ ಮಾಡುವ ಮೊದಲೇ "ಹೀಗಾಗುತ್ತದೆ" ಎಂದು ನಿಮ್ಮ ಊಹೆ ಬರೆಯಿರಿ. ಆಮೇಲೆ ಬಂದ ಎಲ್ಲ ಅಂಕಿಗಳನ್ನೂ ಬರೆಯಿರಿ, ಚೆನ್ನಾಗಿ ಬಂದಿಲ್ಲ ಅನ್ನಿಸಿದ್ದನ್ನೂ. ಊಹೆಯನ್ನು ಕೊನೆಗೆ ಬರೆದರೆ ಯಾರೂ ಸೋಲುವುದಿಲ್ಲ. "ನಂಗೆ ಮೊದ್ಲೇ ಗೊತ್ತಿತ್ತು" ಎನ್ನುವುದು ಮನುಷ್ಯರ ಹಳೆಯ ಚಾಳಿ.

ಹಂತ 2: ಒಂದು ಯೋಚನೆಗೆ ಎಷ್ಟು ಹೊತ್ತು?

ಗೆಳೆಯ ಹೆಬ್ಬೆರಳು ಮತ್ತು ತೋರುಬೆರಳನ್ನು ಸ್ವಲ್ಪ ಅಗಲಿಸಿ ಮೇಜಿನ ಅಂಚಿನಿಂದ ಹೊರಗೆ ಚಾಚಲಿ. ನೀವು ಸ್ಕೇಲನ್ನು 30ರ ತುದಿಯಲ್ಲಿ ಹಿಡಿದು, 0 ಗೆರೆ ಅವನ ಬೆರಳುಗಳ ನಡುವೆ ಬರುವಂತೆ ತೂಗುಬಿಡಿ. ಹೇಳದೆ ಕೇಳದೆ ಬಿಟ್ಟುಬಿಡಿ. ಎಷ್ಟು ಸೆಂ.ಮೀ. ಹತ್ತಿರ ಹಿಡಿದ ಎಂದು ಬರೆಯಿರಿ.

ಬೀಳುವ ವಸ್ತುವಿನ ಲೆಕ್ಕ ಗೊತ್ತಿರುವುದರಿಂದ ದೂರವನ್ನು ಸಮಯಕ್ಕೆ ಬದಲಿಸಬಹುದು. 10 ಸೆಂ.ಮೀ. ಅಂದರೆ ಸುಮಾರು 0.14 ಸೆಕೆಂಡ್. 15 ಅಂದರೆ 0.17, 20 ಅಂದರೆ 0.20, 25 ಅಂದರೆ 0.23. ಮೊದಲ ಒಂದೆರಡು ಸಲ ಅಭ್ಯಾಸಕ್ಕೆ ಬಿಡಿ, ಆದರೆ ಅದನ್ನು ಮೊದಲೇ ತೀರ್ಮಾನಿಸಿ. ಬಂದ ಅಂಕಿ ನೋಡಿ ಆಮೇಲೆ ಕೈಬಿಡುವುದು ಮೋಸ. ನಂತರ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ.

ಈಗ ಅವನು ಕಣ್ಣು ಮುಚ್ಚಲಿ. ಸ್ಕೇಲು ಬಿಡುವ ಕ್ಷಣದಲ್ಲೇ ಇನ್ನೊಂದು ಕೈಯಿಂದ ಅವನ ಭುಜ ತಟ್ಟಿ. ಕಣ್ಣಿನ ಸೂಚನೆಗಿಂತ ಸ್ಪರ್ಶದ ಸೂಚನೆಗೆ ಸಾಮಾನ್ಯವಾಗಿ ಉತ್ತರ ಬೇಗ ಬರುತ್ತದೆ. ಬೆಳಕು ಕಣ್ಣಿನ ಪರದೆಯಲ್ಲಿ ನರಸಂಕೇತವಾಗಿ ಬದಲಾಗಲು ರಾಸಾಯನಿಕ ಹಂತಗಳು ಬೇಕು, ಅಲ್ಲಿ ಸ್ವಲ್ಪ ಹೊತ್ತು ಹೋಗುತ್ತದೆ.

ಮೂರನೆಯ ಆಟ ನನಗೆ ತುಂಬಾ ಇಷ್ಟ. ಎರಡು ಸ್ಕೇಲು, ಎರಡೂ ಕೈ. ನೀವು ಎಡದ್ದನ್ನೋ ಬಲದ್ದನ್ನೋ ಒಂದನ್ನು ಮಾತ್ರ ಬಿಡುತ್ತೀರಿ. ಆ ಕೈ ಮಾತ್ರ ಮುಚ್ಚಬೇಕು. ಸಮಯ ಉದ್ದವಾಗುತ್ತದೆ. ಹೆಚ್ಚಾದ ಆ ಭಾಗವೇ "ಯಾವುದು?" ಎಂದು ತೀರ್ಮಾನಿಸಲು ಮೆದುಳು ತೆಗೆದುಕೊಂಡ ಹೊತ್ತು. ಹೀಗೆ ಕಳೆದು ನೋಡುವ ಉಪಾಯವನ್ನು ನೆದರ್‌ಲೆಂಡ್ಸ್‌ನ ಡಾಂಡರ್ಸ್ 1868ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1850ರ ಹೊತ್ತಿಗೆ, ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಓಡುವ ವೇಗ ಅಳೆದಿದ್ದರು. ಅದು ಸೆಕೆಂಡಿಗೆ ಸುಮಾರು 30 ಮೀಟರ್ ಬಂತು. ಹೆದ್ದಾರಿಯ ಕಾರಿನ ವೇಗ! ನರದ ಸಂಕೇತವನ್ನು ಅಳೆಯಲಿಕ್ಕೇ ಆಗದು ಎಂದುಕೊಂಡಿದ್ದವರಿಗೆ ಇದು ದೊಡ್ಡ ಪೆಟ್ಟು.

ಹಂತ 3: ಇಂದ್ರಿಯಗಳನ್ನು ಪರೀಕ್ಷಿಸಿ

ಮೊದಲು ಕಣ್ಣು. ಬಿಳಿ ಹಾಳೆಯಲ್ಲಿ ಎಡಕ್ಕೆ ಒಂದು + ಗುರುತು, ಅದರಿಂದ 7.5 ಸೆಂ.ಮೀ. ಬಲಕ್ಕೆ ಬಟಾಣಿ ಗಾತ್ರದ ಕಪ್ಪು ಚುಕ್ಕಿ ಹಾಕಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ + ಅನ್ನು ಮಾತ್ರ ನೋಡುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 25ರಿಂದ 30 ಸೆಂ.ಮೀ. ದೂರದಲ್ಲಿ ಚುಕ್ಕಿ ಮಾಯವಾಗುತ್ತದೆ. ನರದ ಕಟ್ಟು ಕಣ್ಣಿನಿಂದ ಹೊರಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಅದೇ ಕುರುಡು ಚುಕ್ಕೆ. ಫ್ರಾನ್ಸಿನ ಮಾರಿಯೋಟ್ 1660ರ ದಶಕದಲ್ಲಿ ಇದನ್ನು ಕಂಡುಹಿಡಿದರು.

ಇಲ್ಲಿಗೇ ನಿಲ್ಲಿಸಬೇಡಿ. ಚುಕ್ಕಿಯ ಜಾಗದಲ್ಲಿ ಉದ್ದಕ್ಕೂ ಒಂದು ನೀಲಿ ಗೆರೆ ಎಳೆದು, ನಡುವೆ ಒಂದು ಸೆಂ.ಮೀ. ತುಂಡು ಖಾಲಿ ಬಿಡಿ. ಆ ಖಾಲಿ ಜಾಗ ಕುರುಡು ಚುಕ್ಕೆಯ ಮೇಲೆ ಬಿದ್ದಾಗ ಗೆರೆ ಅಖಂಡವಾಗಿ ಕಾಣುತ್ತದೆ. ಇಲ್ಲದ ಗೆರೆಯನ್ನು ಮೆದುಳು ತುಂಬಿಬಿಟ್ಟಿತು. ಪಠ್ಯಪುಸ್ತಕದಲ್ಲಿ ಸಂವೇದನೆ ಮತ್ತು ಗ್ರಹಿಕೆ ಎಂದು ಎರಡು ಬೇರೆ ಪಾಠ ಇರುತ್ತವಲ್ಲ, ಯಾಕೆ ಎಂದು ಈ ಒಂದು ಗೆರೆ ತೋರಿಸುತ್ತದೆ. ಕಣ್ಣು ಕೊಟ್ಟದ್ದು ಸಂವೇದನೆ. ಮೆದುಳು ಅದರಿಂದ ಕಟ್ಟಿದ್ದು ಗ್ರಹಿಕೆ.

ಮುಂದೆ ಚರ್ಮ. ಜೆಮ್ ಕ್ಲಿಪ್ ಬಿಡಿಸಿ ಎರಡು ತುದಿ ಒಂದೇ ಕಡೆ ಬರುವಂತೆ ಬಗ್ಗಿಸಿ. ಗೆಳತಿ ಕಣ್ಣು ಮುಚ್ಚಲಿ. ಎರಡೂ ತುದಿ ಒಟ್ಟಿಗೆ ಮೆಲ್ಲಗೆ ತಾಗಿಸಿ "ಒಂದಾ, ಎರಡಾ?" ಎಂದು ಕೇಳಿ. ತುದಿಗಳ ಅಂತರ ಕಡಿಮೆ ಮಾಡುತ್ತಾ ಬನ್ನಿ. ನಡುನಡುವೆ ಬೇಕಂತಲೇ ಒಂದೇ ತುದಿ ತಾಗಿಸಿ. ಇಲ್ಲದಿದ್ದರೆ ಅವಳು ಅಭ್ಯಾಸಬಲದಿಂದ "ಎರಡು, ಎರಡು" ಅನ್ನುತ್ತಾ ಹೋಗುತ್ತಾಳೆ, ನಿಮಗೆ ಗೊತ್ತೂ ಆಗುವುದಿಲ್ಲ. ಬೆರಳ ತುದಿಯಲ್ಲಿ 2ರಿಂದ 3 ಮಿ.ಮೀ. ಅಂತರವೂ ತಿಳಿಯುತ್ತದೆ. ಬೆನ್ನಿನ ಮೇಲೆ 4 ಸೆಂ.ಮೀ. ಆಸುಪಾಸು ಬೇಕಾಗುತ್ತದೆ. ಬ್ರೈಲ್ ಅಕ್ಷರದೊಳಗಿನ ಚುಕ್ಕಿಗಳ ನಡುವೆ ಸುಮಾರು 2.5 ಮಿ.ಮೀ. ಅಂತರ ಇಟ್ಟಿದ್ದಾರೆ. ಬೆರಳು ಓದಬಲ್ಲ ಅಳತೆ ಅದು.

ಈ ಪರೀಕ್ಷೆ ಲೈಪ್‌ಜಿಗ್‌ನ ಎರ್ನ್ಸ್ಟ್ ವೇಬರ್ ಅವರದು. ತೂಕದ ಬಗ್ಗೆ ಅವರು ಕಂಡುಕೊಂಡದ್ದನ್ನು ಬಾಟಲಿಯಿಂದ ನೋಡಬಹುದು. ಎರಡೂ ಬಾಟಲಿಗೆ 100 ಮಿ.ಲೀ. ನೀರು ಹಾಕಿ. ಕಣ್ಣು ಮುಚ್ಚಿದವರ ಕೈಗೆ ಎರಡನ್ನೂ ಕೊಟ್ಟು ಒಂದಕ್ಕೆ ಮಾತ್ರ ಒಂದೊಂದೇ ಟೀ ಚಮಚ ನೀರು ಸೇರಿಸಿ. ಒಂದು ಚಮಚ ಸುಮಾರು 5 ಗ್ರಾಂ. ಯಾವುದು ಭಾರ ಎಂದು ಎಷ್ಟನೇ ಚಮಚಕ್ಕೆ ಸರಿಯಾಗಿ ಹೇಳುತ್ತಾರೆ? ಆಮೇಲೆ 500 ಮಿ.ಲೀ.ಯಿಂದ ಶುರು ಮಾಡಿ. ಈ ಸಲ ಜಾಸ್ತಿ ಚಮಚ ಬೇಕಾಗುತ್ತದೆ. ನಮಗೆ ತಿಳಿಯುವುದು ಎಷ್ಟು ಗ್ರಾಂ ಹೆಚ್ಚಾಯಿತು ಎಂಬುದಲ್ಲ, ಇದ್ದದ್ದರ ಎಷ್ಟನೇ ಪಾಲು ಹೆಚ್ಚಾಯಿತು ಎಂಬುದು. ಪ್ರಯೋಗಾಲಯದಲ್ಲಿ ತೂಕಕ್ಕೆ ಆ ಪಾಲು ಸುಮಾರು 2% ಬರುತ್ತದೆ. ಮನೆಯಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ.

ಮೂಗು, ನಾಲಿಗೆ ಬೇಗ ಮುಗಿಯುತ್ತದೆ. ಮೂಗು ಬಿಗಿಯಾಗಿ ಹಿಡಿದು ಏಲಕ್ಕಿ ಕಾಳು ಅಗಿಯಿರಿ. ಸ್ವಲ್ಪ ಖಾರ, ಸ್ವಲ್ಪ ಕಹಿ, ಅಷ್ಟೇ. ಮೂಗು ಬಿಟ್ಟ ತಕ್ಷಣ ಏಲಕ್ಕಿ ಏಲಕ್ಕಿಯಾಗುತ್ತದೆ. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎನ್ನುವ ನಕ್ಷೆ ಇನ್ನೂ ಕೆಲವು ಪುಸ್ತಕಗಳಲ್ಲಿದೆ. ಅದು ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ರುಚಿಮೊಗ್ಗಿನ ಜಾಗಗಳಲ್ಲಿ ತಿಳಿಯುತ್ತದೆ. ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ನೀವೇ ನೋಡಿ.

ಹಂತ 4: ಮೆದುಳನ್ನು ನಿಮ್ಮ ತಲೆಯ ಮೇಲೇ ಗುರುತಿಸಿ

ವಯಸ್ಕರ ಮೆದುಳು ಸುಮಾರು 1.3ರಿಂದ 1.4 ಕೆ.ಜಿ. ದೇಹದ ತೂಕದ ಸುಮಾರು 2%, ಆದರೆ ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿಯಲ್ಲಿ ಸುಮಾರು 20% ಇದಕ್ಕೇ ಬೇಕು. ನರಕೋಶಗಳು ಸುಮಾರು 8,600 ಕೋಟಿ. ಅದರಲ್ಲಿ ಹೆಚ್ಚಿನವು, ಸುಮಾರು 6,900 ಕೋಟಿ, ಹಿಂದೆ ಕೆಳಗಿರುವ ಪುಟ್ಟ ಕಿರುಮೆದುಳಿನಲ್ಲಿವೆ.

ಬಾಯಿಪಾಠ ಮಾಡುವ ಬದಲು ಕೈ ಇಟ್ಟು ಕಲಿಯಿರಿ. ಹಣೆಯ ಮೇಲೆ ಅಂಗೈ ಇಡಿ: ಮುಂಭಾಗ. ಯೋಜನೆ, ತಡೆದುಕೊಳ್ಳುವುದು, ಕೈಕಾಲಿಗೆ ಆಜ್ಞೆ. ನೆತ್ತಿಗೆ ಸ್ವಲ್ಪ ಹಿಂದೆ: ಸ್ಪರ್ಶ, ಜಾಗದ ಅರಿವು. ಜೆಮ್ ಕ್ಲಿಪ್ಪಿನ ಲೆಕ್ಕ ನಡೆದದ್ದು ಇಲ್ಲೇ. ಬೆರಳು, ತುಟಿಗಳಿಗೆ ಇಲ್ಲಿ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ದೊಡ್ಡದು. ಕಿವಿಯ ಮೇಲೆ: ಕೇಳಿಸಿಕೊಳ್ಳುವುದು, ಮಾತಿನ ಅರ್ಥ. ಅದರ ಒಳಮಗ್ಗುಲಲ್ಲಿ ಹಿಪ್ಪೊಕ್ಯಾಂಪಸ್: ಹೊಸ ನೆನಪು. ತಲೆಯ ಹಿಂಬದಿ: ನೋಟ.

ಇವೆಲ್ಲ ಹೇಗೆ ಗೊತ್ತಾಯ್ತು? ಬಹಳ ಕಾಲ, ಪೆಟ್ಟು ತಿಂದ ಮೆದುಳುಗಳಿಂದ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಬಳಿ ಇದ್ದ ರೋಗಿಗೆ ಬೇರೆಯವರ ಮಾತು ಅರ್ಥವಾಗುತ್ತಿತ್ತು, ಆದರೆ ಅವನ ಬಾಯಿಂದ ಬರುತ್ತಿದ್ದದ್ದು ಹೆಚ್ಚಾಗಿ "ಟಾನ್" ಎಂಬ ಒಂದೇ ಸದ್ದು. ಸತ್ತ ಮೇಲೆ ನೋಡಿದರೆ ಎಡ ಮುಂಭಾಗದಲ್ಲಿ ಹಾನಿ. 1848ರಲ್ಲಿ ಅಮೆರಿಕದ ರೈಲು ಕೆಲಸದ ಮೇಸ್ತ್ರಿ ಫೀನಿಯಸ್ ಗೇಜ್ ತಲೆಯನ್ನು ಕಬ್ಬಿಣದ ಸರಳು ಸೀಳಿಕೊಂಡು ಹೋಯಿತು. ಬದುಕಿದ. "ಆಮೇಲೆ ಅವನು ಬೇರೆಯೇ ಮನುಷ್ಯನಾದ" ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ ಎಂಬುದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಕತೆ ಚೆನ್ನಾಗಿದ್ದಷ್ಟೂ ಅನುಮಾನ ಜಾಸ್ತಿ ಇರಲಿ.

ಮೂರನೆಯ ರೋಗಿಯ ಪರೀಕ್ಷೆ ನೀವೂ ಮಾಡಬಹುದು. ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಅಪಸ್ಮಾರ ತಡೆಯಲು ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗ ತೆಗೆದರು. ಆಮೇಲೆ ಹೊಸದೇನೂ ನೆನಪಲ್ಲಿ ಉಳಿಯಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಕೊಟ್ಟ ಕೆಲಸ ಹೀಗಿತ್ತು. ಎರಡು ಗೆರೆಯ ನಕ್ಷತ್ರದ ಚಿತ್ರ, ಆ ಎರಡು ಗೆರೆಗಳ ನಡುವೆಯೇ ಪೆನ್ಸಿಲ್ ಓಡಿಸಬೇಕು. ಕೈಯನ್ನು ನೇರ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ. ಮನೆಯಲ್ಲಾದರೆ ಕೈಗೆ ಅಡ್ಡವಾಗಿ ಪುಸ್ತಕ ನಿಲ್ಲಿಸಿ, ಎದುರಿಗೆ ಕನ್ನಡಿ ಇಡಿ. ಪ್ರತಿ ಸಲ ಗೆರೆ ದಾಟಿದ್ದನ್ನು ಎಣಿಸಿ. ಮೊದಲ ಸುತ್ತು ನಗೆಪಾಟಲು. ಮೂರು ದಿನ ಮಾಡಿ ನೋಡಿ, ತಪ್ಪು ಇಳಿಯುತ್ತಾ ಹೋಗುತ್ತದೆ. ಮೊಲೈಸನ್ ಅವರದೂ ಮೂರು ದಿನದಲ್ಲಿ ಹಾಗೇ ಇಳಿಯಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಕೈ ಕಲಿಯುವ ನೆನಪು, "ನಿನ್ನೆ ಏನಾಯ್ತು" ಎಂಬ ನೆನಪು ಬೇರೆ ಬೇರೆ ಎಂದು ತೋರಿಸಿದ್ದು ಹೀಗೆ.

"ನಾವು ಮೆದುಳಿನ 10% ಮಾತ್ರ ಬಳಸುತ್ತೇವೆ" ಎನ್ನುವುದನ್ನು ಇಲ್ಲೇ ಬಿಟ್ಟು ಮುಂದೆ ಹೋಗಿ. ಉಳಿದ 90% ಸುಮ್ನೆ ಇದ್ದಿದ್ದರೆ ಹೆಚ್ಚಿನ ಪಾರ್ಶ್ವವಾಯುವಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಬೆಂಗಳೂರಿನ ಹತ್ತಿರ ಇರುವವರು ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯ ನೋಡಿ ಬನ್ನಿ. ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಿಕೊಂಡು ಹೊರಡಿ.

ಹಂತ 5: ಕನ್ನಡದಲ್ಲೇ ಸ್ಟ್ರೂಪ್ ಪರೀಕ್ಷೆ

ಕೆಂಪು, ನೀಲಿ, ಹಸಿರು, ಕಪ್ಪು ಎಂಬ ಪದಗಳನ್ನು ಕಲಸಿ 20 ಸಲ ಬರೆಯಿರಿ, ಪ್ರತಿ ಪದವನ್ನೂ ಅದು ಹೇಳುವ ಬಣ್ಣ ಬಿಟ್ಟು ಬೇರೆ ಬಣ್ಣದ ಶಾಯಿಯಲ್ಲಿ. ಇನ್ನೊಂದು ಹಾಳೆಯಲ್ಲಿ ಅದೇ ಬಣ್ಣಗಳ 20 ಚೌಕ. ಎರಡರಲ್ಲೂ ಶಾಯಿಯ ಬಣ್ಣ ಮಾತ್ರ ಹೇಳಬೇಕು. ಪದದ ಹಾಳೆಗೆ ಹೆಚ್ಚು ಹೊತ್ತು ಬೇಕು, ನಾಲಿಗೆಯೂ ತೊಡರುತ್ತದೆ. ಓದುವುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ ಬೇಡ ಅಂದರೂ ಮೆದುಳು ಓದುತ್ತದೆ. ಜಾನ್ ರಿಡ್ಲಿ ಸ್ಟ್ರೂಪ್ ಇದನ್ನು ಪ್ರಕಟಿಸಿದ್ದು 1935ರಲ್ಲಿ. ಅದೇ ಹಾಳೆಯನ್ನು ಇಂಗ್ಲಿಷ್ ಪದಗಳಲ್ಲೂ ಮಾಡಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಇಂಗ್ಲಿಷ್ ಮಾಧ್ಯಮದವರಿಗೆ ಎರಡನ್ನೂ ಕೊಟ್ಟು ನೋಡಿ. ಒಳ್ಳೆಯ ಪ್ರಾಜೆಕ್ಟ್ ಇಲ್ಲೇ ಕೂತಿದೆ.

ಹಂತ 6: ನಿಮ್ಮದೇ ಒಂದು ಸಂಶೋಧನೆ

ಇದೇ ಮುಖ್ಯವಾದ ಹಂತ. ಉದಾಹರಣೆಗೆ ಮನೆಮನೆಯ ಜಗಳವನ್ನೇ ತೆಗೆದುಕೊಳ್ಳೋಣ: ಹಾಡು ಹಾಕಿಕೊಂಡು ಓದಿದರೆ ತಲೆಗೆ ಹತ್ತುತ್ತದಾ?

ಮೊದಲು ಪ್ರಶ್ನೆಯನ್ನು ಅಳೆಯುವ ಹಾಗೆ ಮಾಡಿ. "ತಲೆಗೆ ಹತ್ತುವುದು" ಅಂದರೆ ಇಲ್ಲಿ, 20 ಪದಗಳ ಪಟ್ಟಿಯನ್ನು ಎರಡು ನಿಮಿಷ ಓದಿ, ಒಂದು ನಿಮಿಷ ಬಿಟ್ಟು, ಎಷ್ಟು ಪದ ಬರೆಯುತ್ತಾರೆ ಎಂಬುದು. "ಹಾಡು" ಅಂದರೆ ಕನ್ನಡ ಸಾಹಿತ್ಯ ಇರುವ ಒಂದೇ ಹಾಡು, ಒಂದೇ ವಾಲ್ಯೂಮ್. ನೀವು ಬದಲಿಸುವುದು ಹಾಡು ಇದೆಯೋ ಇಲ್ಲವೋ ಎಂಬುದನ್ನು. ಅದು ಸ್ವತಂತ್ರ ಚರ. ಎಣಿಸುವುದು ನೆನಪಾದ ಪದಗಳನ್ನು. ಅದು ಅವಲಂಬಿತ ಚರ.

ಸುಮ್ನೆ ತರಗತಿಯಲ್ಲಿ "ಹಾಡು ಕೇಳ್ತಾ ಓದ್ತೀರಾ? ಮಾರ್ಕ್ಸ್ ಎಷ್ಟು?" ಎಂದು ಕೇಳಿದರೆ ಆಗದೇ? ಅದು ಸಮೀಕ್ಷೆ. ಎರಡಕ್ಕೂ ನಂಟು ಇದೆಯಾ ಎಂದು ತಿಳಿಯಬಹುದು, ಕಾರಣ ತಿಳಿಯುವುದಿಲ್ಲ. ಓದು ಬೇಜಾರಾದವರೇ ಹಾಡು ಹಾಕಿಕೊಳ್ಳುತ್ತಿರಬಹುದು. ಗಲಾಟೆಯ ಮನೆಯವರು ಕಿವಿಗೆ ಇಯರ್‌ಫೋನ್ ಹಾಕುತ್ತಿರಬಹುದು. ಕಾರಣ ಬೇಕಾದರೆ ನೀವೇ ಬದಲಾವಣೆ ಮಾಡಿ ನೋಡಬೇಕು. ಅದೇ ಪ್ರಯೋಗ.

12 ಮಂದಿಯನ್ನು ಒಪ್ಪಿಸಿ. ಒಬ್ಬೊಬ್ಬರೂ ಎರಡೂ ಸ್ಥಿತಿಯಲ್ಲಿ ಪರೀಕ್ಷೆ ಮಾಡಲಿ. ಆದರೆ ಎಲ್ಲರಿಗೂ ಹಾಡಿನ ಸುತ್ತು ಕೊನೆಗೆ ಬಂದರೆ ದಣಿವೂ ಅದರಲ್ಲಿ ಸೇರಿಬಿಡುತ್ತದೆ. ಹಾಗಾಗಿ 6 ಮಂದಿಗೆ ಹಾಡು ಮೊದಲು, 6 ಮಂದಿಗೆ ಮೌನ ಮೊದಲು. ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ನಿಮ್ಮ ಇಷ್ಟಕ್ಕೆ ಬಿಡಬೇಡಿ. ಪದಪಟ್ಟಿಯೂ ಎರಡು ಬೇಕು. ಯಾವ ಪಟ್ಟಿ ಯಾವ ಸ್ಥಿತಿಗೆ ಎಂಬುದನ್ನೂ ಪ್ರತಿ ಗುಂಪಿನಲ್ಲಿ ಅರ್ಧರ್ಧ ಅದಲುಬದಲು ಮಾಡಿ. ಒಂದು ಪಟ್ಟಿಯಲ್ಲಿ "ದೋಸೆ, ಬಸ್ಸು", ಇನ್ನೊಂದರಲ್ಲಿ "ನಿಷ್ಠೆ, ಪ್ರಮಾಣ" ಇದ್ದರೆ ಪ್ರಯೋಗ ಕೆಟ್ಟಿತು. ಕಣ್ಣಿಗೆ ಕಟ್ಟುವ ಪದ ಸುಲಭವಾಗಿ ನೆನಪಿರುತ್ತದೆ.

ಇನ್ನೊಂದು ಅಪಾಯ ನೀವೇ. 1900ರ ದಶಕದ ಮೊದಲ ವರ್ಷಗಳಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಕುದುರೆಗೆ ಅವನು ಕಾಣದಿದ್ದರೆ ಉತ್ತರ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ತುಸುವೇ ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ನಮ್ಮ ಕೋಲೆಬಸವನೂ ತಲೆ ಆಡಿಸುವುದು ಸನ್ನೆ ನೋಡಿಯೇ. ವ್ಯತ್ಯಾಸ ಇಷ್ಟೇ: ಬಸವನನ್ನು ಪಳಗಿಸಿದವನಿಗೆ ತಾನು ಸನ್ನೆ ಕೊಡುತ್ತಿರುವುದು ಗೊತ್ತು. ಹಾನ್ಸ್‌ನ ಯಜಮಾನನಿಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಾಗುವುದಿಲ್ಲ. ಆದ್ದರಿಂದ ಉತ್ತರದ ಹಾಳೆ ಎಣಿಸುವ ಕೆಲಸವನ್ನು, ಯಾವುದು ಹಾಡಿನದು ಎಂದು ತಿಳಿಯದ ಇನ್ನೊಬ್ಬರಿಗೆ ಕೊಡಿ. ಸೂಚನೆಗಳನ್ನು ಬರೆದಿಟ್ಟು ಎಲ್ಲರಿಗೂ ಅದೇ ಮಾತು ಓದಿ ಹೇಳಿ.

ಫಲಿತಾಂಶ ಹೇಗೆ ಓದುವುದು? ಮೌನದಲ್ಲಿ ಹೆಚ್ಚು ಪದ ಬರೆದವರು ಎಷ್ಟು ಮಂದಿ ಎಂದು ಎಣಿಸಿ. 12ರಲ್ಲಿ 7 ಬಂತು ಎಂದು ಕುಣಿಯಬೇಡಿ. 12 ನಾಣ್ಯ ಒಟ್ಟಿಗೆ ಚಿಮ್ಮಿದರೆ 7 ಅಥವಾ ಜಾಸ್ತಿ ಹೆಡ್ ಬೀಳುವುದು 100ರಲ್ಲಿ ಸುಮಾರು 39 ಸಲ. ಅಂದರೆ ಹಾಡಿಗೆ ಯಾವ ಪರಿಣಾಮವೂ ಇಲ್ಲದಿದ್ದರೂ ಇಂಥ ಅಂಕಿ ಬರುತ್ತಲೇ ಇರುತ್ತದೆ. 10 ಅಥವಾ ಜಾಸ್ತಿ ಬೀಳುವುದು 100ರಲ್ಲಿ ಸುಮಾರು 2 ಸಲ. ಅಷ್ಟು ಬಂದರೆ ಗಮನ ಕೊಡಬಹುದು. ಪಠ್ಯದಲ್ಲಿ ಬರುವ ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಕೇಳುವುದೂ ಇದೇ ಪ್ರಶ್ನೆಯನ್ನು: ಇದು ಬರೀ ಅದೃಷ್ಟದಿಂದ ಬರಲು ಎಷ್ಟು ಸಾಧ್ಯ?

ಹಂತ 7: ಯಾರಿಗೂ ತೊಂದರೆ ಕೊಡಬೇಡಿ

1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಪುಟ್ಟ ಮಗುವಿಗೆ ಬೇಕಂತಲೇ ಬಿಳಿ ಇಲಿಯ ಭಯ ಕಲಿಸಿದರು. ಇವತ್ತು ಯಾವ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ. ನಿಮ್ಮ ಸಣ್ಣ ಪ್ರಯೋಗಕ್ಕೂ ಅದೇ ಕಟ್ಟುಪಾಡು. ಏನು ಮಾಡಿಸುತ್ತೀರಿ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮಧ್ಯದಲ್ಲಿ ಎದ್ದು ಹೋಗಲು ಬಿಡಿ. ಹೆಸರಿನ ಬದಲು ಸಂಖ್ಯೆ ಬರೆಯಿರಿ. ಚಿಕ್ಕವರಾದರೆ ಅವರ ಅಪ್ಪ-ಅಮ್ಮನನ್ನೂ ಕೇಳಿ.

ಎರಡು ಪಾಠ ಓದಿದ ಕೂಡಲೇ ಅತ್ತಿಗೆಗೆ ಖಿನ್ನತೆ, ಮಾವನಿಗೆ ಒಸಿಡಿ (ಗೀಳು ಕಾಯಿಲೆ) ಎಂದು ಹಣೆಪಟ್ಟಿ ಹಚ್ಚುವ ಆಸೆಯಾಗುತ್ತದೆ. ಬೇಡ. ಯಾರಾದರೂ ನಿಜಕ್ಕೂ ಕಷ್ಟದಲ್ಲಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹೇಳಿ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ಬೇರೆಯವರ ಸಂಶೋಧನೆ ಓದುವಾಗ

"ಅಧ್ಯಯನವೊಂದರ ಪ್ರಕಾರ" ಎಂದು ಪೇಪರಿನಲ್ಲಿ ಬಂದಾಗ ಇಷ್ಟು ಕೇಳಿ. ಎಷ್ಟು ಮಂದಿ? ಯಾರು ಅವರು? ಪ್ರಯೋಗವಾ, ಸಮೀಕ್ಷೆಯಾ? ಬೇರೆಯವರು ಮತ್ತೆ ಮಾಡಿದಾಗಲೂ ಬಂತಾ? ಕೊನೆಯ ಪ್ರಶ್ನೆ ಸಣ್ಣದಲ್ಲ. 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯತ್ನವೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97% ಅಧ್ಯಯನಗಳು ಗಣನೀಯ ಫಲಿತಾಂಶ, ಅಂದರೆ ಬರೀ ಅದೃಷ್ಟದಿಂದ ಬರುವ ಸಾಧ್ಯತೆ ತೀರಾ ಕಡಿಮೆ ಇರುವಂಥದ್ದು, ಕೊಟ್ಟಿದ್ದವು. ಎರಡನೇ ಸಲ ಕೊಟ್ಟದ್ದು 36% ಮಾತ್ರ. "ಯಾರು ಅವರು" ಎಂಬುದೂ ಅಷ್ಟೇ ಮುಖ್ಯ. ಪ್ರಸಿದ್ಧ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ ಆದದ್ದು. ಅದು ಹಾವೇರಿಯ ರೈತರಿಗೆ, ಮಂಗಳೂರಿನ ಮೀನು ಮಾರುವವರಿಗೆ ಹಾಗ್‌ಹಾಗೇ ಹೊಂದುತ್ತದೆ ಎಂದು ಮೊದಲೇ ಅಂದುಕೊಳ್ಳುವಂತಿಲ್ಲ.

ಹಾಡಿನ ಪ್ರಯೋಗವನ್ನು ಒಮ್ಮೆ ಮಾಡಿ ಮುಗಿಸಬೇಡಿ. ತಿಂಗಳು ಬಿಟ್ಟು ಬೇರೆ 12 ಮಂದಿಯ ಮೇಲೆ ಮಾಡಿ. ಈ ಸಲ ಮೂರನೆಯ ಸ್ಥಿತಿಯೊಂದು ಸೇರಿಸಿ: ಸಾಹಿತ್ಯವಿಲ್ಲದ ವೀಣೆ ಅಥವಾ ಕೊಳಲು. ಆಗ ಪದಪಟ್ಟಿ ಮೂರು ಬೇಕು, ಸರದಿ ಆರು ಬಗೆಯಲ್ಲಿ ಬರುತ್ತದೆ, ಒಂದೊಂದು ಬಗೆಗೆ ಇಬ್ಬರು. ಹೊಸ ಪುಟ ತೆರೆದು, ಹಳೆಯ ಅಂಕಿ ನೋಡುವ ಮೊದಲೇ, ಊಹೆ ಬರೆಯಿರಿ.